ಕರೆಂಟು ಹೋಯಿತು, ಕರೆಂಟು ಬಂತು



ದೀಪ ಆರಿದರೆ ನಾವು 'ಕರೆಂಟು ಹೋಯಿತು' ಎನ್ನುತ್ತೇವೆ. ಮತ್ತೆ ಹೊತ್ತಿಕೊಂಡರೆ 'ಕರೆಂಟು ಬಂತು' ಎನ್ನುತ್ತೇವೆ. ಮುಂಬಯಿಯಲ್ಲಿರಲಿ, ಚೆನ್ನೈಯಲ್ಲಿರಲಿ, ಕನ್ನಡದ ಮನೆಯಲ್ಲಿ ಈ ಎರಡು ಮಾತು ಇದ್ದೇ ಇರುತ್ತವೆ. ಬಂದ ಕರೆಂಟು ಎಲ್ಲಿಂದ ಬಂತು ಎಂದು ಕೇಳಿದರೆ ಮಕ್ಕಳು ಥಟ್ಟನೆ ಗೋಡೆಯ ಪ್ಲಗ್ ಪಾಯಿಂಟ್ ತೋರಿಸುತ್ತಾರೆ. ಬಲ್ಬಿಗೆ ಹೋದ ಕರೆಂಟು ಆಮೇಲೆ ಎಲ್ಲಿಗೆ ಹೋಯಿತು ಎಂದು ಕೇಳಿ ನೋಡಿ. 'ಬಲ್ಬು ಉರಿಯಿತಲ್ಲ, ಅಲ್ಲೇ ಖರ್ಚಾಯಿತು' ಎಂಬ ಉತ್ತರ ಬರುವುದೇ ಹೆಚ್ಚು. ದೊಡ್ಡವರಲ್ಲೂ ಬಹಳ ಮಂದಿ ಹಾಗೆಯೇ ತಿಳಿದಿರುತ್ತಾರೆ.

ಈ ಉತ್ತರ ತಪ್ಪು. ಕರೆಂಟು ಬಲ್ಬಿನಲ್ಲಿ ಖರ್ಚಾಗುವುದಿಲ್ಲ. ಎಷ್ಟು ಹೋಯಿತೋ ಅಷ್ಟೂ ಹೊರಟ ಜಾಗಕ್ಕೆ ಮರಳಿ ಬರುತ್ತದೆ. ಮರಳುವ ದಾರಿ ಇಲ್ಲದಿದ್ದರೆ ಅದು ಹೊರಡುವುದೇ ಇಲ್ಲ. ಇವತ್ತಿನ ಮಾತಿನಲ್ಲಿ ನಾನು ಹೇಳಬೇಕೆಂದಿರುವುದು ಇದೊಂದನ್ನೇ. ಇದು ಮನಸ್ಸಿಗೆ ಕೂತರೆ ಪರೀಕ್ಷೆಯ ಅರ್ಧ ಪಾಠ ಸುಲಭವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಬಚ್ಚಲುಮನೆಯಲ್ಲಿ, ಮಳೆಗಾಲದ ರಸ್ತೆಯಲ್ಲಿ, ರೈಲು ನಿಲ್ದಾಣದಲ್ಲಿ ಜೀವ ಉಳಿಸಿಕೊಳ್ಳುವ ತಿಳಿವಳಿಕೆಯೂ ಇದರಿಂದಲೇ ಬರುತ್ತದೆ.

ಮೊದಲು ಹೆಸರನ್ನೇ ನೋಡೋಣ. ಮಕ್ಕಳು ಶಾಲೆಯಲ್ಲಿ 'ಸರ್ಕ್ಯೂಟ್' ಎಂದು ಕಲಿಯುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿದ ಅಪ್ಪ ಅಮ್ಮಂದಿರಿಗೆ ಅದು 'ವಿದ್ಯುನ್ಮಂಡಲ'. ಮಂಡಲವೆಂದರೆ ವೃತ್ತ, ಸುತ್ತು. ಹಿಂದಿಯಲ್ಲೂ ಮರಾಠಿಯಲ್ಲೂ ಇದನ್ನು 'ಪರಿಪಥ' ಎನ್ನುತ್ತಾರೆ. ಸುತ್ತಿ ಬರುವ ದಾರಿ ಎಂದರ್ಥ. ತಮಿಳಿನಲ್ಲಿ 'ಮಿನ್‌ಸುಟ್ರು', ಅದರಲ್ಲಿರುವ ಸುಟ್ರು ನಮ್ಮ ಸುತ್ತೇ. ತೆಲುಗಿನಲ್ಲಿ 'ವಿದ್ಯುತ್ ವಲಯ', ವಲಯವೆಂದರೆ ಬಳೆ. ಸರ್ಕ್ಯೂಟ್ ಎಂಬ ಪದವೂ ಸುತ್ತಿ ಬರುವುದು ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಬಂದದ್ದು. ನೀವು ಯಾವ ಊರಿನಲ್ಲಿರಿ, ಮಗು ಯಾವ ಭಾಷೆಯಲ್ಲಿ ಓದಲಿ, ಪಾಠದ ತಿರುಳು ಆ ಹೆಸರಿನಲ್ಲೇ ಇದೆ. ಬಳೆ ಒಂದು ಕಡೆ ಮುರಿದರೆ ಅದು ಬಳೆಯಲ್ಲ. ಹಾಗೆಯೇ ಸುತ್ತು ಒಂದು ಕಡೆ ಕಡಿದರೆ ಅದು ವಿದ್ಯುನ್ಮಂಡಲವಲ್ಲ.

ಈಗ ಒಂದು ಪ್ರಯೋಗ. ಟಾರ್ಚಿಗೆ ಹಾಕುವ 1.5 ವೋಲ್ಟಿನ ಒಂದು ಸೆಲ್, ಟಾರ್ಚಿನ ಹಳೆಯ ಕಾಲದ ಪುಟ್ಟ ಬಲ್ಬು, ಒಂದು ಗೇಣು ತಂತಿ, ಇಷ್ಟು ಸಾಕು. ಬಲ್ಬು ಒಳಗೆ ಎಳೆ ಇರುವ ಗಾಜಿನದಾಗಿರಲಿ, ಎಲ್‌ಇಡಿ ಬೇಡ. ಈ ಮೂರನ್ನೇ ಬಳಸಿ ಬಲ್ಬು ಹೊತ್ತಿಸಿ ಎಂದು ಮಗುವಿಗೆ ಹೇಳಿ. ಬೇರೆ ತಂತಿ ಇಲ್ಲ, ಹೋಲ್ಡರೂ ಇಲ್ಲ. ನೀವೂ ಪಕ್ಕದಲ್ಲಿ ಕೂತು ನೋಡಿ.

ಹೆಚ್ಚಿನವರು ಮೊದಲು ಮಾಡುವುದು ಹೀಗೆ: ತಂತಿಯ ಒಂದು ತುದಿಯನ್ನು ಸೆಲ್ಲಿನ ಮೇಲ್ಮೊಟ್ಟಿಗೆ ಹಿಡಿದು, ಇನ್ನೊಂದು ತುದಿಯನ್ನು ಬಲ್ಬಿನ ಬುಡಕ್ಕೆ ಮುಟ್ಟಿಸುತ್ತಾರೆ. ಬಲ್ಬು ಹೊತ್ತುವುದಿಲ್ಲ. ಕರೆಂಟು ಬಲ್ಬಿನವರೆಗೆ ಹೋಗಲು ದಾರಿ ಇದೆ, ಅಲ್ಲಿಂದ ಮರಳಲು ಇಲ್ಲ. ಬಲ್ಬಿನ ಬುಡವನ್ನು ಸೂಕ್ಷ್ಮವಾಗಿ ನೋಡಿ. ತೀರಾ ಕೆಳಗೆ ಒಂದು ಲೋಹದ ಬೊಟ್ಟು ಇದೆ, ಸುತ್ತಲೂ ಲೋಹದ ಕವಚ ಇದೆ. ಎರಡರ ನಡುವೆ ಕರೆಂಟು ಹಾಯದ ವಸ್ತು ಇದೆ. ಒಳಗಿನ ಸಣ್ಣ ಎಳೆಯ ಒಂದು ಕೊನೆ ಬೊಟ್ಟಿಗೆ, ಇನ್ನೊಂದು ಕೊನೆ ಕವಚಕ್ಕೆ ಸೇರಿದೆ. ಅಂದರೆ ಬಲ್ಬಿಗೆ ಒಂದು ಒಳಬಾಗಿಲು, ಒಂದು ಹೊರಬಾಗಿಲು. ಈಗ ಬಲ್ಬಿನ ಬೊಟ್ಟನ್ನು ನೇರವಾಗಿ ಸೆಲ್ಲಿನ ಮೇಲ್ಮೊಟ್ಟಿನ ಮೇಲೆ ನಿಲ್ಲಿಸಿ. ತಂತಿಯ ಒಂದು ತುದಿಯನ್ನು ಸೆಲ್ಲಿನ ತಳಕ್ಕೂ ಇನ್ನೊಂದನ್ನು ಬಲ್ಬಿನ ಕವಚಕ್ಕೂ ಮುಟ್ಟಿಸಿ. ಬಲ್ಬು ಮಿನುಗುತ್ತದೆ. ಬೆರಳಿನಿಂದ ಆ ದಾರಿಯನ್ನು ಸವರಿ ನೋಡಿ: ಸೆಲ್ಲು, ಬೊಟ್ಟು, ಎಳೆ, ಕವಚ, ತಂತಿ, ಮತ್ತೆ ಸೆಲ್ಲು. ಸೆಲ್ಲಿನ ಒಳಗೂ ಸುತ್ತು ಮುಂದುವರಿಯುತ್ತದೆ ಎಂಬುದನ್ನು ಮರೆಯಬೇಡಿ.

ಒಂದು ಎಚ್ಚರಿಕೆ. ಬಲ್ಬು ಇಲ್ಲದೆ ಬರೀ ತಂತಿಯನ್ನು ಸೆಲ್ಲಿನ ಎರಡೂ ತುದಿಗೆ ಹಿಡಿಯಬೇಡಿ, ಬಿಸಿಯಾಗಿ ಬೆರಳು ಸುಡುತ್ತದೆ. ಮೊಬೈಲಿನ ಬ್ಯಾಟರಿಯನ್ನು ಇಂಥ ಆಟಕ್ಕೆ ಮುಟ್ಟಲೇಬೇಡಿ. ಗೋಡೆಯ ಪ್ಲಗ್ ಪಾಯಿಂಟಿನ ಹತ್ತಿರವಂತೂ ಈ ಪ್ರಯೋಗ ಸುಳಿಯಕೂಡದು.

ಹಾಗಾದರೆ ಈ ಸುತ್ತಿನಲ್ಲಿ ಸುತ್ತುವುದು ಏನು? ತಾಮ್ರದ ತಂತಿಯೊಳಗೆ ಲೆಕ್ಕವಿಲ್ಲದಷ್ಟು ಇಲೆಕ್ಟ್ರಾನುಗಳು ಮೊದಲೇ ಇರುತ್ತವೆ, ಸೆಲ್ಲು ಅವನ್ನು ಹೊಸದಾಗಿ ಹುಟ್ಟಿಸುವುದಿಲ್ಲ. ಇರುವ ಇಲೆಕ್ಟ್ರಾನುಗಳನ್ನು ಸೆಲ್ಲು ತಳ್ಳುತ್ತದೆ, ಅಷ್ಟೆ. ಸೈಕಲ್ಲಿನ ಸರಪಳಿಯನ್ನು ನೆನಪು ಮಾಡಿಕೊಳ್ಳಿ. ನೀವು ಪೆಡಲ್ ತುಳಿದ ಕ್ಷಣವೇ ಹಿಂದಿನ ಚಕ್ರ ತಿರುಗುತ್ತದೆ. ಪೆಡಲಿನ ಹತ್ತಿರದ ಕೊಂಡಿ ಹಿಂದಿನ ಚಕ್ರ ತಲುಪುವವರೆಗೆ ಯಾರೂ ಕಾಯುವುದಿಲ್ಲ, ಏಕೆಂದರೆ ಇಡೀ ಸರಪಳಿ ಒಟ್ಟಿಗೇ ಚಲಿಸುತ್ತದೆ. ಚಕ್ರ ತಿರುಗಿಸಿದ್ದಕ್ಕೆ ಸರಪಳಿ ಸವೆದು ಮಾಯವಾಗುವುದೂ ಇಲ್ಲ. ಮೇಲಿನಿಂದ ಹೋದಷ್ಟೇ ಕೊಂಡಿಗಳು ಕೆಳಗಿನಿಂದ ಮರಳಿ ಬರುತ್ತವೆ. ಖರ್ಚಾಗುವುದು ನಿಮ್ಮ ಕಾಲಿನ ಶಕ್ತಿ. ವಿದ್ಯುನ್ಮಂಡಲದಲ್ಲೂ ಹೀಗೆಯೇ. ಸೆಲ್ಲಿನ ಶಕ್ತಿ ಬಲ್ಬಿನಲ್ಲಿ ಬೆಳಕಾಗಿ, ಬಿಸಿಯಾಗಿ ಹೊರಬರುತ್ತದೆ. ಇಲೆಕ್ಟ್ರಾನುಗಳು ಮಾತ್ರ ಒಂದೂ ಕಡಿಮೆಯಾಗದೆ ಸುತ್ತುತ್ತಲೇ ಇರುತ್ತವೆ. ನಾವು ತಿಂಗಳು ತಿಂಗಳು ಬಿಲ್ಲು ಕಟ್ಟುವುದು ಶಕ್ತಿಗೆ.

ಇಲೆಕ್ಟ್ರಾನುಗಳ ನಡಿಗೆ ಎಷ್ಟು ನಿಧಾನ ಗೊತ್ತೆ? ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯಲ್ಲಿ ಒಂದು ಆಂಪಿಯರ್ ಕರೆಂಟು ಹರಿಯುವಾಗ ಅವು ಒಂದು ಮೀಟರ್ ಮುಂದೆ ಸಾಗಲು ಸುಮಾರು ಮೂರೂಮುಕ್ಕಾಲು ಗಂಟೆ ಬೇಕು. ಆದರೂ ಸ್ವಿಚ್ ಒತ್ತಿದೊಡನೆ ದೀಪ ಹೊತ್ತುತ್ತದೆ. ಕಾರಣ ಆ ಸರಪಳಿಯೇ.

ಮನೆಯ ಕರೆಂಟು ಇದಕ್ಕಿಂತ ಸ್ವಲ್ಪ ಬೇರೆ. ಸೆಲ್ಲಿನದು ಒಂದೇ ದಿಕ್ಕಿನಲ್ಲಿ ತಳ್ಳುವ ನೇರ ಪ್ರವಾಹ. ಮನೆಯದು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಡುವ ಪರ್ಯಾಯ ಪ್ರವಾಹ. ಪೆಡಲನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿದಂತೆ. ಹಾಗೆ ಆಡಿಸಲಿಕ್ಕೂ ಸರಪಳಿ ಪೂರ್ತಿ ಇರಬೇಕು. ಆದ್ದರಿಂದ ನಮ್ಮ ನಿಯಮ ಅಲ್ಲಿಯೂ ಬದಲಾಗುವುದಿಲ್ಲ.

ಮಕ್ಕಳು ಅಂಕ ಕಳೆದುಕೊಳ್ಳುವ ಒಂದು ಜಾಗವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪುಸ್ತಕದಲ್ಲಿ ಕರೆಂಟಿನ ಬಾಣ ಸೆಲ್ಲಿನ ಧನ ತುದಿಯಿಂದ ಋಣ ತುದಿಗೆ ಹೋಗುತ್ತದೆ. ಇಲೆಕ್ಟ್ರಾನುಗಳು ಹೋಗುವುದು ಅದಕ್ಕೆ ವಿರುದ್ಧವಾಗಿ. ಇದು ಮುದ್ರಣದೋಷವಲ್ಲ. ಧನ, ಋಣ ಎಂಬ ಹೆಸರುಗಳು ಹದಿನೆಂಟನೆಯ ಶತಮಾನದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಕಾಲದಲ್ಲೇ ಬಳಕೆಗೆ ಬಂದವು. ಇಲೆಕ್ಟ್ರಾನನ್ನು ಜೆ.ಜೆ. ಥಾಮ್ಸನ್ ಕಂಡುಹಿಡಿದದ್ದು 1897 ರಲ್ಲಿ. ಅಷ್ಟು ಹೊತ್ತಿಗೆ ಎಲ್ಲರೂ ಬಾಣದ ದಿಕ್ಕನ್ನು ಒಪ್ಪಿಕೊಂಡಾಗಿತ್ತು. ಪರೀಕ್ಷೆಯಲ್ಲಿ 'ವಿದ್ಯುತ್ ಪ್ರವಾಹದ ದಿಕ್ಕು' ಎಂದು ಕೇಳಿದರೆ ಧನದಿಂದ ಋಣಕ್ಕೆ ಎಂದೇ ಬರೆಯಿರಿ. 'ಇಲೆಕ್ಟ್ರಾನುಗಳ ದಿಕ್ಕು' ಎಂದು ಕೇಳಿದರೆ ಋಣದಿಂದ ಧನಕ್ಕೆ.

ಇನ್ನು ಮೂರು ಅಳತೆಗಳು: ವೋಲ್ಟ್, ಆಂಪಿಯರ್, ಓಮ್. ಮೂರೂ ಮನುಷ್ಯರ ಹೆಸರಿನಿಂದಲೇ ಬಂದವು. ಇಟಲಿಯ ವೋಲ್ಟಾ 1800 ರಲ್ಲಿ ಸತು ಮತ್ತು ಬೆಳ್ಳಿ ಅಥವಾ ತಾಮ್ರದ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ತುಣುಕುಗಳನ್ನಿಟ್ಟು, ಒಂದರ ಮೇಲೊಂದು ಪೇರಿಸಿ, ಎಡೆಬಿಡದೆ ಕರೆಂಟು ಕೊಡುವ ಮೊದಲ ಬ್ಯಾಟರಿಯನ್ನು ಲೋಕಕ್ಕೆ ತಿಳಿಸಿದರು. ಆಂಪಿಯರ್ ಫ್ರಾನ್ಸಿನವರು. ಜರ್ಮನಿಯ ಓಮ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಮೇಷ್ಟ್ರು. ತಮ್ಮ ನಿಯಮವನ್ನು ವಿವರಿಸಿದ ಪುಸ್ತಕವನ್ನು ಅವರು 1827 ರಲ್ಲಿ ಪ್ರಕಟಿಸಿದರು.

ವೋಲ್ಟ್ ಎಂದರೆ ತಳ್ಳುವ ಒತ್ತಡದ ಅಳತೆ. ಪುಸ್ತಕದ ಭಾಷೆಯಲ್ಲಿ ವಿಭವಾಂತರ. ನೀರು ಎತ್ತರದಿಂದ ತಗ್ಗಿಗೆ ಹರಿಯುವಂತೆ ಕರೆಂಟು ಹರಿಯಲಿಕ್ಕೂ ಒಂದು ಎತ್ತರ ತಗ್ಗು ಬೇಕು. ಶಿವನಸಮುದ್ರದಲ್ಲಿ ಕಾವೇರಿ ಧುಮುಕುವ ಎತ್ತರವನ್ನೇ ಬಳಸಿಕೊಂಡು ವಿದ್ಯುತ್ತನ್ನು ತಯಾರಿಸಿ, 1902 ರಲ್ಲಿ ಅದನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಕಳಿಸಿದರು. ನೀರಿನ ಎತ್ತರ ತಂತಿಯಲ್ಲಿ ವೋಲ್ಟಾಗಿ ಮಾರ್ಪಟ್ಟಿತು ಎನ್ನಬಹುದು. ಟಾರ್ಚ್ ಸೆಲ್ಲಿನ ಎತ್ತರ 1.5 ವೋಲ್ಟ್, ನಮ್ಮ ಮನೆಯ ಪ್ಲಗ್ಗಿನದು 230 ವೋಲ್ಟ್.

ಆಂಪಿಯರ್ ಎಂದರೆ ಸೆಕೆಂಡಿಗೆ ಎಷ್ಟು ಹರಿಯಿತು ಎಂಬ ಅಳತೆ. ತಂತಿಯ ಒಂದು ಜಾಗವನ್ನು ಸೆಕೆಂಡಿಗೆ ಸುಮಾರು 62 ಸಾವಿರ ಕೋಟಿ ಕೋಟಿ ಇಲೆಕ್ಟ್ರಾನುಗಳು ದಾಟಿದರೆ ಅದು ಒಂದು ಆಂಪಿಯರ್. ಹರಿವಿಗೆ ಒಡ್ಡುವ ಅಡ್ಡಿಯೇ ರೋಧ, ಅದರ ಅಳತೆ ಓಮ್. ಓಮ್ ನಿಯಮ ಹೇಳುವುದು ಇಷ್ಟೇ: ವೋಲ್ಟನ್ನು ರೋಧದಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. ಒತ್ತಡ ಹೆಚ್ಚಿದರೆ ಹರಿವು ಹೆಚ್ಚು, ಅಡ್ಡಿ ಹೆಚ್ಚಿದರೆ ಹರಿವು ಕಡಿಮೆ. 3 ವೋಲ್ಟಿನ ಬ್ಯಾಟರಿಗೆ 10 ಓಮ್ ರೋಧದ ಬಲ್ಬು ಸೇರಿಸಿದರೆ ಹರಿಯುವುದು 0.3 ಆಂಪಿಯರ್.

ಪೆನ್ಸಿಲು ಹತ್ತಿರವಿದ್ದರೆ ಇಂಥದೇ ಎರಡು ಬಲ್ಬುಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ಅವನ್ನು ಒಂದರ ಹಿಂದೊಂದು ಪೋಣಿಸಿದರೆ ಅದು ಸರಣಿ ಜೋಡಣೆ. ಒಂದೇ ದಾರಿಯಲ್ಲಿ ಎರಡು ಅಡ್ಡಿ, ಒಟ್ಟು 20 ಓಮ್. ಕರೆಂಟು 0.15 ಆಂಪಿಯರಿಗೆ ಇಳಿಯುತ್ತದೆ, ಎರಡೂ ಮಂಕಾಗಿ ಉರಿಯುತ್ತವೆ. ಇಲ್ಲಿ ಮಗುವಿಗೆ ಒಂದು ಪ್ರಶ್ನೆ ಕೇಳಿ: ಮೊದಲನೆಯ ಬಲ್ಬು ಹೆಚ್ಚು ಬೆಳಗುತ್ತದೆಯೋ, ಎರಡನೆಯದೋ? ಮೊದಲನೆಯದು ಎಂದರೆ, ಕರೆಂಟು ಖರ್ಚಾಗುತ್ತದೆ ಎಂಬ ಹಳೆಯ ನಂಬಿಕೆ ಇನ್ನೂ ಹೋಗಿಲ್ಲ ಎಂದರ್ಥ. ಒಂದೇ ಬಗೆಯ ಬಲ್ಬುಗಳಾದರೆ ಎರಡೂ ಸಮನಾಗಿ ಬೆಳಗುತ್ತವೆ. ಸರಪಳಿ ಒಂದೇ, ಅದರ ವೇಗ ಎಲ್ಲ ಕಡೆಯೂ ಒಂದೇ.

ಬದಲಿಗೆ ಪ್ರತಿ ಬಲ್ಬಿಗೂ ಬೇರೆ ಬೇರೆ ಸುತ್ತು ಕೊಟ್ಟರೆ ಅದು ಸಮಾಂತರ ಜೋಡಣೆ. ಒಂದೊಂದರಲ್ಲೂ 0.3 ಆಂಪಿಯರ್ ಹರಿದು ಎರಡೂ ಚೆನ್ನಾಗಿ ಬೆಳಗುತ್ತವೆ. ಬ್ಯಾಟರಿ ಮಾತ್ರ ಎರಡನ್ನೂ ಕೂಡಿಸಿ 0.6 ಆಂಪಿಯರ್ ಕೊಡಬೇಕು, ಬೇಗ ಸುಸ್ತಾಗುತ್ತದೆ. ಹಳೆಯ ದೀಪಾವಳಿ ಸೀರಿಯಲ್ ಸೆಟ್ಟಿನಲ್ಲಿ ಒಂದು ಬಲ್ಬು ಹೋದರೆ ಸಾಲೇ ಆರುತ್ತಿತ್ತಲ್ಲ, ಅದು ಸರಣಿ. ಮನೆಯಲ್ಲಿ ಫ್ಯಾನ್ ನಿಲ್ಲಿಸಿದರೂ ದೀಪ ಉರಿಯುತ್ತಿರುತ್ತದಲ್ಲ, ಅದು ಸಮಾಂತರ.

ಈ ಸಮಾಂತರದಲ್ಲೇ ಒಂದು ಅಪಾಯವೂ ಇದೆ. ಬಾಡಿಗೆ ಮನೆಗಳಲ್ಲಿ, ಪೇಯಿಂಗ್ ಗೆಸ್ಟ್ ಕೋಣೆಗಳಲ್ಲಿ ಪ್ಲಗ್ ಪಾಯಿಂಟುಗಳು ಕಡಿಮೆ. ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಎಲ್ಲವನ್ನೂ ಸಿಕ್ಕಿಸುತ್ತೇವೆ. ಲೆಕ್ಕ ಹಾಕಿ ನೋಡಿ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್. 1000 ವ್ಯಾಟ್ ಇಸ್ತ್ರಿ ಪೆಟ್ಟಿಗೆಗೆ 4.3 ಆಂಪಿಯರ್, 1500 ವ್ಯಾಟ್ ಕೆಟಲಿಗೆ 6.5 ಆಂಪಿಯರ್. ಎರಡೂ ಒಟ್ಟಿಗೆ ಓಡಿದರೆ ಸುಮಾರು 10.9 ಆಂಪಿಯರ್. ಸಾಧಾರಣ ಬೋರ್ಡಿನ ಮೇಲೆ 6 ಆಂಪಿಯರ್ ಎಂದು ಬರೆದಿರುತ್ತದೆ. ತಂತಿಯಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕರೆಂಟು ಎರಡರಷ್ಟಾದರೆ ಬಿಸಿ ನಾಲ್ಕರಷ್ಟು. ಪ್ಲಾಸ್ಟಿಕ್ ಕರಗಿ ವಾಸನೆ ಬರುವುದು, ಕೆಲವೊಮ್ಮೆ ಬೆಂಕಿ ಹೊತ್ತುವುದು ಇದರಿಂದ.

ಒಳಗಿನ ಪ್ಲಾಸ್ಟಿಕ್ ಕರಗಿ ಎರಡು ತಂತಿಗಳು ಒಂದಕ್ಕೊಂದು ತಗಲಿದರೆ ಸುತ್ತು ನಡುದಾರಿಯಲ್ಲೇ ಪೂರ್ತಿಯಾಗಿಬಿಡುತ್ತದೆ. ಅದೇ ಶಾರ್ಟ್ ಸರ್ಕ್ಯೂಟ್. ದಾರಿಯಲ್ಲಿ ರೋಧ ಅರ್ಧ ಓಮ್ ಮಾತ್ರ ಇದೆ ಎಂದುಕೊಂಡರೆ 230 ನ್ನು ಅರ್ಧದಿಂದ ಭಾಗಿಸಿ: 460 ಆಂಪಿಯರ್! ಆಗ ಫ್ಯೂಸಿನ ಸಣ್ಣ ತಂತಿ ಕರಗಿ, ಅಥವಾ ಎಂಸಿಬಿ ಕೆಳಗೆ ಬಿದ್ದು, ಸುತ್ತನ್ನು ಕಡಿಯುತ್ತದೆ. ಪದೇ ಪದೇ ಬೀಳುವ ಎಂಸಿಬಿಗೆ ಬೈದು, ಹೆಚ್ಚು ಆಂಪಿಯರಿನದನ್ನು ಹಾಕಿಸುವವರಿದ್ದಾರೆ. ಅದು ಗೋಡೆಯೊಳಗಿನ ತಂತಿಯನ್ನು ಕಾಯುವ ಕಾವಲುಗಾರ. ಅದರ ಕೂಗನ್ನು ಕೇಳಿ, ಎಲೆಕ್ಟ್ರಿಷಿಯನ್ನನ್ನು ಕರೆಸಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತಿಗೆ ಬರುತ್ತೇನೆ. ಮನೆಗೆ ಬರುವ ಎರಡು ತಂತಿಗಳಲ್ಲಿ ಒಂದು ಫೇಸ್, ಇನ್ನೊಂದು ನ್ಯೂಟ್ರಲ್. ಫೇಸಿನಲ್ಲಿ ಹೋದದ್ದು ನ್ಯೂಟ್ರಲಿನಲ್ಲಿ ಮರಳುತ್ತದೆ. ಟ್ರಾನ್ಸ್‌ಫಾರ್ಮರಿನ ಹತ್ತಿರ ಈ ನ್ಯೂಟ್ರಲನ್ನು ಭೂಮಿಗೂ ಜೋಡಿಸಿರುತ್ತಾರೆ. ಆದ್ದರಿಂದ ನಾವು ನಿಂತ ನೆಲವೂ ಕರೆಂಟು ಮರಳಿ ಹೋಗಬಲ್ಲ ಒಂದು ದಾರಿಯೇ. 'ನಾನು ಒಂದೇ ತಂತಿ ಮುಟ್ಟಿದ್ದು, ಆದರೂ ಶಾಕ್ ಹೇಗೆ ಹೊಡೆಯಿತು?' ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಬರಿಗಾಲಲ್ಲಿ ನಿಂತು ಫೇಸ್ ಮುಟ್ಟಿದರೆ ಕರೆಂಟು ಕೈಯಿಂದ ಎದೆಗೆ, ಎದೆಯಿಂದ ಕಾಲಿಗೆ, ಕಾಲಿಂದ ನೆಲಕ್ಕೆ, ನೆಲದಿಂದ ಟ್ರಾನ್ಸ್‌ಫಾರ್ಮರಿಗೆ ಮರಳುತ್ತದೆ. ಸುತ್ತನ್ನು ಪೂರ್ತಿ ಮಾಡಿದ ತುಂಡು ನಾವೇ. ಒಂದೇ ತಂತಿಯ ಮೇಲೆ ಕೂತ ಕಾಗೆಗೆ ಏನೂ ಆಗುವುದಿಲ್ಲ, ಏಕೆಂದರೆ ಅದರ ಕಾಲು ನೆಲವನ್ನಾಗಲಿ ಇನ್ನೊಂದು ತಂತಿಯನ್ನಾಗಲಿ ಮುಟ್ಟಿಲ್ಲ.

ಒಣಗಿದ ಚರ್ಮದ ರೋಧ ಹೆಚ್ಚು. ಒದ್ದೆಯಾದರೆ ಬಹಳ ಇಳಿಯುತ್ತದೆ. ಒದ್ದೆ ಮೈಗೆ ಸುಮಾರು 1000 ಓಮ್ ಎಂದಿಟ್ಟುಕೊಂಡರೆ 230 ವೋಲ್ಟಿಗೆ ಹರಿಯುವುದು 0.23 ಆಂಪಿಯರ್. ಹಳೆಯ 40 ವ್ಯಾಟ್ ಬಲ್ಬು ಎಳೆದುಕೊಳ್ಳುತ್ತಿದ್ದ ಕರೆಂಟೇ ಸುಮಾರು 0.17 ಆಂಪಿಯರ್. ನೋಡಿದಿರಾ, ಒಂದು ಮಂಕು ಬಲ್ಬು ಉರಿಸುವಷ್ಟು ಕರೆಂಟು ಹೃದಯದ ಬಡಿತವನ್ನು ಕೆಡಿಸಿ ಪ್ರಾಣ ತೆಗೆಯಲು ಸಾಕು. ಅದಕ್ಕಿಂತ ಎಷ್ಟೋ ಕಡಿಮೆ ಕರೆಂಟಿಗೇ ಕೈಯ ಸ್ನಾಯುಗಳು ಬಿಗಿದುಕೊಂಡು ಹಿಡಿದದ್ದನ್ನು ಬಿಡಲಾಗುವುದಿಲ್ಲ. ಇಷ್ಟು ಸಣ್ಣ ಕರೆಂಟಿಗೆ ಫ್ಯೂಸ್ ಹೋಗುವುದಿಲ್ಲ, ಎಂಸಿಬಿ ಬೀಳುವುದಿಲ್ಲ. ಅವು ತಂತಿಯನ್ನು ಕಾಯುತ್ತವೆ, ಮನುಷ್ಯನನ್ನು ಕಾಯಲಾರವು.

ಮನುಷ್ಯನನ್ನು ಕಾಯಲು ಎರಡು ಏರ್ಪಾಟುಗಳಿವೆ. ಮೊದಲನೆಯದು ಅರ್ಥಿಂಗ್. ಮೂರು ಪಿನ್ನಿನ ಪ್ಲಗ್ಗನ್ನು ಕೈಗೆತ್ತಿಕೊಂಡು ನೋಡಿ. ಮೇಲಿನ ಪಿನ್ನು ಉಳಿದೆರಡಕ್ಕಿಂತ ಉದ್ದ, ದಪ್ಪ. ಗೀಸರ್, ಇಸ್ತ್ರಿ ಪೆಟ್ಟಿಗೆ, ಫ್ರಿಜ್ಜು, ವಾಷಿಂಗ್ ಮೆಷಿನ್ನಿನಂಥವುಗಳ ಲೋಹದ ಮೈ ಆ ಪಿನ್ನಿಗೆ, ಅಲ್ಲಿಂದ ಭೂಮಿಗೆ ಸೇರಿರುತ್ತದೆ. ಉದ್ದವಾಗಿರುವುದರಿಂದ ಚುಚ್ಚುವಾಗ ಅದೇ ಮೊದಲು ಸೇರುತ್ತದೆ, ಕೀಳುವಾಗ ಅದೇ ಕೊನೆಗೆ ಬಿಡುತ್ತದೆ. ಒಳಗಿನ ಫೇಸ್ ತಂತಿ ಸಡಿಲವಾಗಿ ಲೋಹದ ಮೈಗೆ ತಗಲಿದರೆ, ಕರೆಂಟಿಗೆ ಅರ್ಥ್ ತಂತಿಯಲ್ಲಿ ಸುಲಭದ ದಾರಿ ಸಿಗುತ್ತದೆ. ಆ ದಾರಿಯಲ್ಲಿ ಭಾರಿ ಕರೆಂಟು ಹರಿದು ಎಂಸಿಬಿ ಬೀಳುತ್ತದೆ. ನೀವು ಮುಟ್ಟುವ ಮೊದಲೇ ಅಪಾಯ ಕಳೆದಿರುತ್ತದೆ. ಎರಡು ಪಿನ್ನಿನ ಪಾಯಿಂಟಿಗೆ ಹೊಂದಲೆಂದು ಮೂರನೆಯ ಪಿನ್ನನ್ನು ತಪ್ಪಿಸುವ ಅಡಾಪ್ಟರ್ ಹಾಕಿದರೆ ಯಂತ್ರ ಓಡುತ್ತದೆ ನಿಜ. ಆದರೆ ಆ ರಕ್ಷಣೆ ಇರುವುದಿಲ್ಲ.

ಎರಡನೆಯದು ಆರ್‌ಸಿಸಿಬಿ. ಮೇನ್ ಬೋರ್ಡಿನಲ್ಲಿ 'ಟಿ' ಅಥವಾ 'ಟೆಸ್ಟ್' ಎಂದು ಬರೆದ ಪುಟ್ಟ ಗುಂಡಿ ಇರುವ ಸ್ವಿಚ್ಚು ಅದು. ಅದರ ಕೆಲಸ ಲೆಕ್ಕಪತ್ರ ನೋಡುವ ಗುಮಾಸ್ತನದು. ಫೇಸಿನಲ್ಲಿ ಹೋದದ್ದೆಷ್ಟು, ನ್ಯೂಟ್ರಲಿನಲ್ಲಿ ಬಂದದ್ದೆಷ್ಟು ಎಂದು ಎಡೆಬಿಡದೆ ತಾಳೆ ನೋಡುತ್ತದೆ. ಎರಡೂ ಸಮನಾಗಿರುವವರೆಗೆ ಸುಮ್ಮನಿರುತ್ತದೆ. ಮನೆಗಳಿಗೆ ಹಾಕುವ ಸಾಮಾನ್ಯ ಆರ್‌ಸಿಸಿಬಿ 0.03 ಆಂಪಿಯರಿನಷ್ಟು ಲೆಕ್ಕ ತಪ್ಪಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಸುತ್ತನ್ನು ಕಡಿಯುತ್ತದೆ. ತಪ್ಪಿದ ಕರೆಂಟು ಯಾರದಾದರೂ ಮೈಮೂಲಕ ನೆಲಕ್ಕೆ ಹೋಗುತ್ತಿರಬಹುದಲ್ಲ! ಹೋದದ್ದೆಲ್ಲ ಮರಳಬೇಕು ಎಂದು ಆಗಲೇ ಹೇಳಿದೆನಲ್ಲ, ಆ ನಿಯಮವನ್ನೇ ಬಳಸಿಕೊಂಡ ಯಂತ್ರ ಇದು. ನಿಮ್ಮ ಮನೆಯಲ್ಲಿ ಇದು ಇದೆಯೇ ಎಂದು ಇವತ್ತೇ ನೋಡಿ. ಇದ್ದರೆ ಆಗಾಗ ಆ ಗುಂಡಿ ಒತ್ತಿ ಪರೀಕ್ಷಿಸಿ, ಒತ್ತಿದೊಡನೆ ಸ್ವಿಚ್ಚು ಬೀಳಬೇಕು. ಇಲ್ಲದಿದ್ದರೆ ಮನೆ ಮಾಲೀಕರನ್ನು ಕೇಳಿ ಹಾಕಿಸಿಕೊಳ್ಳಿ.

ಬಕೆಟ್ಟಿನಲ್ಲಿ ಇಳಿಬಿಡುವ ಹೀಟರ್ ಕಾಯಿಲ್ ಬಳಸುವವರಿಗೆ ಒಂದು ಮಾತು. ನೀರು ಕಾದಿದೆಯೇ ಎಂದು ನೋಡಲು ಬೆರಳು ಅದ್ದುವ ಮೊದಲು ಸ್ವಿಚ್ ಆರಿಸಿ, ಪ್ಲಗ್ ಕಿತ್ತಿಡಿ. ಸ್ವಿಚ್ಚಷ್ಟೇ ಸಾಲದೆ ಎಂದು ಕೇಳಬಹುದು. ಸ್ವಿಚ್ಚನ್ನು ತಪ್ಪಾಗಿ ನ್ಯೂಟ್ರಲಿಗೆ ಜೋಡಿಸಿದ್ದರೆ, ಅದನ್ನು ಆರಿಸಿದ ಮೇಲೂ ಫೇಸ್ ಕಾಯಿಲಿನವರೆಗೆ ಬಂದು ನಿಂತಿರುತ್ತದೆ, ಮರಳುವ ದಾರಿಗಾಗಿ ಕಾಯುತ್ತಾ. ಮಳೆಗಾಲದಲ್ಲಿ ನೀರು ನಿಂತ ರಸ್ತೆಯಲ್ಲಿ ನಡೆಯುವಾಗ ದೀಪದ ಕಂಬ, ಕಬ್ಬಿಣದ ಪೆಟ್ಟಿಗೆಗಳಿಂದ ದೂರ ಇರಿ.

ಯಾರಿಗಾದರೂ ಶಾಕ್ ಹೊಡೆದು ಕೈ ಅಂಟಿಕೊಂಡಿದ್ದರೆ ಓಡಿ ಹೋಗಿ ಹಿಡಿಯಬೇಡಿ. ಹಿಡಿದರೆ ನೀವೂ ಆ ಸುತ್ತಿನ ತುಂಡಾಗುತ್ತೀರಿ. ಮೊದಲು ಮೇನ್ ಸ್ವಿಚ್ ಆರಿಸಿ. ಆಗದಿದ್ದರೆ ಒಣಗಿದ ಜಾಗದಲ್ಲಿ ನಿಂತು ಒಣ ಮರದ ಕೋಲಿನಿಂದಲೋ ಪ್ಲಾಸ್ಟಿಕ್ ಕುರ್ಚಿಯಿಂದಲೋ ಅವರನ್ನು ತಂತಿಯಿಂದ ಬೇರ್ಪಡಿಸಿ. ಆಮೇಲೆ 112 ಕ್ಕೆ ಕರೆ ಮಾಡಿ. ಇದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿ.

ಕೊನೆಗೆ, ನೀವು ದಿನವೂ ಓಡಾಡುವ ರೈಲಿನ ವಿಷಯ. ನಮ್ಮ ದೇಶದ ಮೊದಲ ವಿದ್ಯುತ್ ರೈಲು 1925 ರ ಫೆಬ್ರವರಿ 3 ರಂದು ಮುಂಬಯಿಯ ಅಂದಿನ ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾಕ್ಕೆ ಓಡಿತು, 1500 ವೋಲ್ಟಿನ ನೇರ ಪ್ರವಾಹದಲ್ಲಿ. ಇಂದು ಮುಂಬಯಿ ಲೋಕಲ್ಲಿನ ತಲೆಯ ಮೇಲಿರುವುದು 25,000 ವೋಲ್ಟಿನ ಪರ್ಯಾಯ ಪ್ರವಾಹ. ಚೆನ್ನೈ, ಹೈದರಾಬಾದು, ದೆಹಲಿಗಳ ಮೆಟ್ರೋ ರೈಲುಗಳೂ ಮೇಲಿನ 25,000 ವೋಲ್ಟಿನ ತಂತಿಯಿಂದಲೇ ಓಡುತ್ತವೆ. ನಿಲ್ದಾಣದಲ್ಲಿ ನಿಂತಾಗ ಮಗುವಿಗೆ ಕೇಳಿ: ಪ್ರತಿ ಹಳಿಯ ಮೇಲೂ ರೈಲು ಮುಟ್ಟುವುದು ಒಂದೇ ತಂತಿ, ಹಾಗಾದರೆ ಕರೆಂಟು ಮರಳುವುದು ಎಲ್ಲಿಂದ? ಅದು ಮರಳುವುದು ಚಕ್ರಗಳ ಮೂಲಕ ಹಳಿಗಿಳಿದು. ಊರಿಗೆ ಹೋದಾಗ ಬೆಂಗಳೂರಿನ ನಮ್ಮ ಮೆಟ್ರೋ ನೋಡಿ. ಅಲ್ಲಿ ತಲೆಯ ಮೇಲೆ ತಂತಿಯೇ ಇಲ್ಲ. ಹಳಿಗಳ ಪಕ್ಕದಲ್ಲೇ ಓಡುವ ಮೂರನೆಯ ಹಳಿಯಲ್ಲಿ 750 ವೋಲ್ಟ್ ಬರುತ್ತದೆ, ಮರಳುವುದು ರೈಲು ಓಡುವ ಹಳಿಗಳಿಂದಲೇ.

ರೈಲಿನ ಮಾಡು ಹತ್ತಿದವನು ನಿಂತಿರುವುದು ನೆಲಕ್ಕೆ ಸೇರಿದ ಲೋಹದ ಮೇಲೆ. ಮೇಲಿನ ತಂತಿಗೆ ಸುತ್ತು ಪೂರ್ತಿಯಾಗಲು ಅವನ ತಲೆಯ ಮೇಲಿನ ಗಾಳಿಯಷ್ಟೇ ಅಡ್ಡಿ. 25,000 ವೋಲ್ಟು ಆ ಅಡ್ಡಿಯನ್ನು ಜಿಗಿಯಬಲ್ಲದು. ತಂತಿಯನ್ನು ಮುಟ್ಟದೆಯೇ, ಬರೀ ಹತ್ತಿರ ಹೋದದ್ದಕ್ಕೇ ಸುಟ್ಟು ಸತ್ತ ಹುಡುಗರ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ನಿಂತ ರೈಲಾದರೂ, ಫೋಟೋಕ್ಕಾಗಿ ಒಂದು ಕ್ಷಣವಾದರೂ, ಮಾಡು ಹತ್ತಬೇಡಿ.

ಮಕ್ಕಳೇ, ನಿಮಗೆ ಈ ವಾರದ ಕೆಲಸ ಇದು. ಒಂದು ಸೆಲ್ಲು, ಒಂದು ಬಲ್ಬು, ಒಂದು ತಂತಿಯಿಂದ ಬೆಳಕು ಬರಿಸಿ. ದಾರಿಯ ಚಿತ್ರ ಬರೆಯಿರಿ. ಆಮೇಲೆ ಅಜ್ಜಿಗೋ ಅಮ್ಮನಿಗೋ ಅದನ್ನು ಕನ್ನಡದಲ್ಲಿ ವಿವರಿಸಿ. ಶಾಲೆಯಲ್ಲಿ ಬೇರೆ ಭಾಷೆಯಲ್ಲಿ ಕಲಿತದ್ದನ್ನು ಮನೆಮಾತಿನಲ್ಲಿ ಹೇಳಲು ಬಂದರೆ ಪಾಠ ನಿಮ್ಮದಾಯಿತು ಎಂದೇ ಲೆಕ್ಕ. ಅವರು 'ಕರೆಂಟು ಎಲ್ಲಿಗೆ ಹೋಯಿತು?' ಎಂದು ಕೇಳಿದರೆ, ಬೆರಳಿನಿಂದ ಆ ಸುತ್ತನ್ನು ತೋರಿಸಿ.